ತಿರುಗುವ ಗಾಲಿಯೇ ಮಾತು ಕೇಳುತ್ತದೆ

ಸುಗ್ಗಿ ಬಂತೆಂದರೆ ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿ ಬಳ್ಳಿಯನ್ನು ಉದ್ದಕ್ಕೂ ಹಾಸಿಬಿಡುತ್ತಾರೆ. ಬಸ್ಸು, ಲಾರಿ ಹಾದುಹೋದಂತೆ ಕಾಳು ಉದುರುತ್ತದೆ. ಅದರ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಏನಾಗುತ್ತದೆ ಎಂಬುದನ್ನು ದಾವಣಗೆರೆ ಸರಸ್ವತಿ ನಗರದ ಕಸ್ತೂರಮ್ಮನನ್ನು ಕೇಳಬೇಕು.

ಕಸ್ತೂರಮ್ಮನ ಗಂಡ ಬಕ್ಕೇಶಪ್ಪ ಜವಳಿ ವ್ಯಾಪಾರಿ. ಹಳೆಯದೊಂದು ಅಂಬಾಸಿಡರ್ ಇಟ್ಟಿದ್ದರು. ಕಾರಿಗಿಂತ ಅದರ ಬ್ರೇಕಿನ ಮೇಲೇ ಅವರಿಗೆ ಹೆಮ್ಮೆ. ಹಾಕಿದರೆ ಟೈರು ಕಿರುಚಬೇಕು, ರಸ್ತೆಯ ಮೇಲೆ ಕರಿ ಗೆರೆ ಮೂಡಬೇಕು. ಇಳಿದು ಆ ಗೆರೆಯನ್ನು ರೇಷ್ಮೆ ಸೀರೆಯ ಅಂಚು ನೋಡಿದಂತೆ ನೋಡುತ್ತಿದ್ದರು.

ಇದೇ ವರ್ಷ, ಎಂಬತ್ತೇಳರ ಸುಗ್ಗಿಯಲ್ಲಿ, ಕಡರನಾಯಕನಹಳ್ಳಿ ಹತ್ತಿರ, ಹುರುಳಿ ಹಾಸಿದ್ದ ಕಡೆಯೇ ಎಮ್ಮೆಯೊಂದು ಅಡ್ಡ ಬಂತು. ಬಕ್ಕೇಶಪ್ಪ ಬ್ರೇಕ್ ತುಳಿದು ಹಿಡಿದರು. ಗಾಲಿಗಳು ನಿಂತವು, ಕಾರು ನಿಲ್ಲಲಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುವಿದರೂ ನೆಟ್ಟಗೇ ಜಾರಿತು. ಎಮ್ಮೆಯೇ ತಿಳಿವಳಿಕೆಯಿಂದ ಪಕ್ಕಕ್ಕೆ ಸರಿಯಿತು. ಕಾರು ಹುಲ್ಲಿನ ಬಣವೆಗೆ ಮೂತಿ ತೂರಿಸಿ ಕೂತಿತು.

ಹಿಂದಿನ ಸೀಟಿನಲ್ಲಿದ್ದ ಕಸ್ತೂರಮ್ಮ ತಲೆಯಲ್ಲಿನ ಹುಲ್ಲು ಆರಿಸುತ್ತಾ ಹೇಳಿದಳು: "ಸೋಮವಾರ ಹರಿಹರದಿಂದ ಮಗಳನ್ನ ಹೆರಿಗೆಗೆ ಕರ್ಕೊಂಬರಬೇಕು. ತುಂಬಿದ ಬಸುರಿ. ಅವಳನ್ನ ಈ ಕಾರಿನಾಗ ಕೂರಿಸಾಕ ನಾನು ಒಪ್ಪಂಗಿಲ್ಲ."

"ತಪ್ಪು ಎಮ್ಮೆದು ಕಣೆ."

"ಹಂಗಾರೆ ಎಮ್ಮೆಗೇ ಹೇಳ್ರಿ, ಅದೇ ಹೋಗಿ ಕರ್ಕೊಂಬರ್ಲಿ."

ಮರುದಿನ ಪಕ್ಕದ ಮನೆಯ ಹಿದಾಯತ್ ಬಂದ. ಕುವೈತಿನಲ್ಲಿ ಡ್ರೈವರ್, ರಜೆಗೆ ಊರಿಗೆ ಬಂದವನು. ಸಂಗತಿ ಕೇಳಿ, ನಗು ನುಂಗಿಕೊಂಡು ಹೇಳಿದ:

"ಸಾವ್ಕಾರ್ರೆ, ಬಿಗಿದು ನಿಂತ ಗಾಲಿ ಗಾಲಿನೇ ಅಲ್ಲರಿ, ಜಾರುಬಂಡೆ. ತಿರುಗೋ ಗಾಲಿ ಅಷ್ಟೇ ಸ್ಟೀರಿಂಗ್ ಮಾತು ಕೇಳತೈತೆ. ನಾನು ಅಲ್ಲಿ ಓಡ್ಸೋ ಜರ್ಮನಿ ಕಾರಿನಾಗ ಗಾಲಿ ಹತ್ರ ಹಲ್ಲಿರೋ ಬಳೆ ಐತೆ. ಅದರ ಪಕ್ಕ ಸೆನ್ಸರ್ ಅಂತ ಒಂದು ಸಣ್ಣ ಕಾವಲುಗಾರ. ಹಲ್ಲು ಓಡೋದನ್ನ ನೋಡಿ, ಗಾಲಿ ಎಷ್ಟು ಜೋರು ತಿರುಗತೈತೆ ಅಂತ ಒಂದು ಪೆಟ್ಟಿಗೆಗೆ ಸುದ್ದಿ ಕೊಡತೈತೆ. ಗಾಲಿ ಗಕ್ಕನೆ ಬಿಗಿಯಾಕ ಹತ್ತಿದ್ರೆ, ಪೆಟ್ಟಿಗೆ ಬ್ರೇಕ್ ಚೂರು ಸಡಿಲ ಮಾಡಿ ಮತ್ತೆ ಹಿಡಿತೈತೆ. ಡ್ರೈವರ್ ಗಟ್ಟಿಯಾಗಿ ತುಳ್ಕೊಂಡಿದ್ರೆ ಸಾಕು."

"ಬ್ರೇಕ್ ಇರೋದು ಹಿಡಿಯಾಕ. ಬಿಡಾಕ ಮಷಿನ್ ಬೇರೆ ಮಾಡ್ಯಾರಾ?" ಬಕ್ಕೇಶಪ್ಪ ನಕ್ಕರು.

"ಬಣವೆಗೆ ನುಗ್ಗಾಕ ಯಾವ ಮಷಿನ್ನೂ ಬ್ಯಾಡ, ನೀವೇ ಸಾಕು," ಎಂದಳು ಕಸ್ತೂರಮ್ಮ. "ಹಿದಾಯತ್, ಆ ಕಾವಲುಗಾರನ್ನ ನಮ್ಮ ಗಾಡಿಗೆ ಹಾಕಿಸಾಕ ಬರತೈತೇನಪ್ಪ?"

"ಇಲ್ಲಕ್ಕ. ಇಲ್ಲಿ ಸಾವ್ಕಾರ್ರ ಕಾಲೇ ಆ ಕೆಲ್ಸ ಮಾಡ್ಬೇಕು. ಒತ್ತಬೇಕು, ಗಾಲಿ ಬಿಗೀತು ಅನ್ನಿಸಿದ್ರೆ ಸಡಿಲಿಸ್ಬೇಕು, ಮತ್ತೆ ಒತ್ತಬೇಕು. ಆದ್ರೂ ಕಾಲು ಆ ಪೆಟ್ಟಿಗೆಯಷ್ಟು ಚುರುಕಲ್ಲ. ಅದಕ್ಕೇ ಮೊದ್ಲೇ ನಿಧಾನ ಹೋಗ್ಬೇಕು."

ಸಂಜೆ ಖಾಲಿ ಮೈದಾನಕ್ಕೆ ನೀರು ಚೆಲ್ಲಿಸಿ ಪಾಠ ಶುರುವಾಯಿತು. ಬಕ್ಕೇಶಪ್ಪ ಮೊದಲು ತಮ್ಮ ಪದ್ಧತಿಯಲ್ಲೇ ತುಳಿದರು. ಕಾರು ತಿರುಗಲೊಲ್ಲದೆ ಜಾರಿತು. ಆಮೇಲೆ ಹಿದಾಯತ್ ಹೇಳಿದಂತೆ ಒತ್ತಿ, ಬಿಟ್ಟು, ಒತ್ತಿದರು. ಕಾರು ಬಿಕ್ಕಳಿಸಿತು, ಆದರೆ ತಿರುಗಿತು. ಹಿಂದೆ ಕೂತಿದ್ದ ಕಸ್ತೂರಮ್ಮ ಗಂಡನ ಮುಖ ನೋಡಿದಳು. ಅವರು ಕಾರನ್ನು ಹಿಂದಕ್ಕೆ ತಿರುಗಿಸಿದರು. "ಮತ್ತೊಂದ್ಸಲ ಮಾಡಾಣ," ಎಂದರು. ಆಗ ಅವಳಿಗೆ ಧೈರ್ಯ ಬಂತು.

ಸೋಮವಾರ ಅಕಾಲದ ತುಂತುರು. ಮಗಳನ್ನು ಕೂರಿಸಿಕೊಂಡು ಹರಿಹರ ದಾಟಿದ ಮೇಲೆ, ಮುಂದಿದ್ದ ಎತ್ತಿನ ಗಾಡಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಕಸ್ತೂರಮ್ಮ ಮಗಳ ಹೊಟ್ಟೆಗೆ ಕೈ ಅಡ್ಡ ಹಿಡಿದಳು. ಬಕ್ಕೇಶಪ್ಪ ಮೊದಲೇ ನಿಧಾನವಾಗಿದ್ದರು. ಒತ್ತಿದರು, ಬಿಟ್ಟರು, ಒತ್ತಿದರು. ಕಾರು ಹೇಳಿದ ಮಾತು ಕೇಳಿ ಗಾಡಿಯ ಪಕ್ಕಕ್ಕೆ ಸರಿದು ನಿಂತಿತು.

ಮಂಡಕ್ಕಿ ಮೆಲ್ಲುತ್ತಿದ್ದ ಮಗಳು ಕೇಳಿದಳು: "ಅಪ್ಪಾ, ಕಾಲಿಗೆ ಏನಾಗೈತೆ ನಿಮಗೆ?"

"ಏನಿಲ್ಲವ್ವ, ಬುದ್ಧಿ ಬಂದೈತೆ," ಎಂದಳು ಕಸ್ತೂರಮ್ಮ.

ಅಣ್ಣಂದಿರೇ, ಗಾಲಿ ಕಾಯುವ ಸೆನ್ಸರ್ ನಮ್ಮ ಗಾಡಿಗಳಿಗೆ ಇನ್ನೂ ಬಂದಿಲ್ಲ. ಬರುವವರೆಗೆ ನಿಮ್ಮ ಕಾಲೇ ಗಾಲಿ ಕಾಯಬೇಕು. ಒದ್ದೆ ರಸ್ತೆಯಲ್ಲಿ ನಿಧಾನ ಹೋಗಿ, ಮುಂದಿನ ಗಾಡಿಗೆ ಜಾಗ ಬಿಡಿ, ಸವೆದ ಟೈರು ಬದಲಿಸಿ. ರೈತಣ್ಣಂದಿರೇ, ರಸ್ತೆ ಬಿಟ್ಟು ಕಣದಲ್ಲೇ ಒಕ್ಕಿ. ಹಿಂದೆ ಕೂತ ಅಕ್ಕಂದಿರೇ, ಗಾಡಿ ಜೋರಾದರೆ ಸುಮ್ಮನಿರಬೇಡಿ, ಬಾಯಿ ಬಿಟ್ಟು ಹೇಳಿ. ಆ ಗಾಡಿಯಲ್ಲಿ ಇರುವುದು ನಿಮ್ಮ ಮಕ್ಕಳು.