ಕಪ್ಪು ಟೇಪಿನ ಕೆಳಗೆ

"ಇವಳು ಯಾರು?"

ರಾಣಿಯಮ್ಮ ಚಿತ್ರವನ್ನು ಮೇಜಿನ ಮೇಲಿಟ್ಟು ಒಂದೇ ಬೆರಳಿನಿಂದ ಅದನ್ನು ಮುಂದಕ್ಕೆ ತಳ್ಳಿದರು. ನಲವತ್ತು ವರ್ಷ ರಂಗದ ಮೇಲೆ ರಾಣಿಯ ಪಾತ್ರ ಮಾಡಿ ಮಾಡಿ ಊರಿಗೆಲ್ಲ ರಾಣಿಯಮ್ಮ ಆದವರು ಅವರು. ಆ ತಳ್ಳುವುದರಲ್ಲೂ ಒಂದು ಗತ್ತು ಇತ್ತು.

"ನೀವೇ ಅಕ್ಕ," ಎಂದಳು ಛಾಯಾಗ್ರಾಹಕಿ.

"ನಾನಲ್ಲ. ಇದು ನನ್ನ ಮುಖದ ಸರ್ವೆ ನಕ್ಷೆ. ಎಲ್ಲಿ ಹಳ್ಳ, ಎಲ್ಲಿ ದಿಣ್ಣೆ, ಎಲ್ಲಾ ಇದೆ. ನಾನೊಬ್ಬಳು ಇಲ್ಲ."

ಆಕೆ ಚಿತ್ರವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ರಾಣಿಯಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಣೆಯ ಒಂದೊಂದು ಗೆರೆಯೂ ಉಳಿಯಲ್ಲಿ ಕೆತ್ತಿದಂತಿತ್ತು. ಕೆನ್ನೆಯ ಮೇಲೆ ಪೌಡರಿನ ಕಣಗಳು ಎಣಿಸುವಂತಿದ್ದವು. ಇಂಥ ಚಿತ್ರ ತನ್ನ ಕೈಯಿಂದ ಹೋಗಿದೆ ಎನ್ನುವುದನ್ನು ಆಕೆ ನಂಬಲಾರದೆ ತಿರುಗಿಸಿ ಹಿಂಬದಿಯ ಮೊಹರನ್ನೂ ನೋಡಿದಳು. ಮೊಹರು ತನ್ನದೇ.

ನಾಟಕಮಂದಿರದ ಮೊಗಸಾಲೆಯಲ್ಲಿ ರಾಣಿಯಮ್ಮನ ನಾಲ್ಕು ಚಿತ್ರಗಳಿದ್ದವು, ಹತ್ತು ಹತ್ತು ವರ್ಷಕ್ಕೊಂದರಂತೆ. ಮೊದಲನೆಯದು ಛಾಯಾಗ್ರಾಹಕಿಯ ಸೋದರಮಾವ ತೆಗೆದದ್ದು, ಉಳಿದ ಮೂರೂ ಆಕೆ ತೆಗೆದದ್ದು. ನಾಲ್ಕೂ ಒಂದೇ ಕ್ಯಾಮೆರಾ, ಒಂದೇ ಮಸೂರ. ಮುಂದಿನ ಶನಿವಾರ ರಾಣಿಯಮ್ಮನ ಕೊನೆಯ ಪ್ರದರ್ಶನ. ಅಷ್ಟರೊಳಗೆ ಐದನೆಯ ಚಿತ್ರ ಗೋಡೆಗೆ ಏರಬೇಕಿತ್ತು. ಎದುರು ಸಾಲಿನ ಡಿಜಿಟಲ್ ಸ್ಟುಡಿಯೊದವರು ಆಗಲೇ ಬಂದು, ಹತ್ತು ನಿಮಿಷದಲ್ಲಿ ಇಪ್ಪತ್ತು ವರ್ಷ ಇಳಿಸಿ ಕೊಡುತ್ತೇವೆ ಎಂದು ಹೇಳಿ ಹೋಗಿದ್ದರಂತೆ.

"ನನಗೆ ಅದೂ ಬೇಡ, ಇದೂ ಬೇಡ," ಎಂದರು ರಾಣಿಯಮ್ಮ ಎದ್ದು ನಿಂತು. "ಎಪ್ಪತ್ತು ವರ್ಷ ಕಾಣ್ಲಿ. ಎಪ್ಪತ್ತು ಸುಕ್ಕು ಕಾಣೋದು ಬೇಡ. ನಿನಗೆ ಅದು ಗೊತ್ತಿತ್ತಲ್ಲ ತಂಗಿ, ಈಗೇನಾಯ್ತು? ಗುರುವಾರ ಹತ್ತು ಗಂಟೆಗೆ ಇನ್ನೊಂದ್ಸಲ ಬರ್ತೀನಿ. ಆಮೇಲೆ ಬರಲ್ಲ."

ಅವರು ಹೋದ ಮೇಲೆ ಆಕೆ ಕ್ಯಾಮೆರಾದ ಮುಂದೆ ಹೋಗಿ ನಿಂತಳು. ಮೂರು ಕಾಲಿನ ಮೇಲೆ ಸಣ್ಣ ಪೆಟ್ಟಿಗೆಯಷ್ಟು ದೊಡ್ಡದಾಗಿ ಕೂತ ಮರದ ಕ್ಯಾಮೆರಾ. ಮೂತಿಗೆ ತಂಬಿಗೆಯಷ್ಟು ದಪ್ಪನೆಯ ಹಿತ್ತಾಳೆಯ ಮಸೂರ. ಅದು ಚಿತ್ರವನ್ನು ಮೃದು ಮಾಡುವ ಮಸೂರ. ಫೋಕಸ್ ತಪ್ಪಿದ ಚಿತ್ರಕ್ಕೂ ಈ ಮೃದುತ್ವಕ್ಕೂ ಸುಣ್ಣದ ನೀರಿಗೂ ಹಾಲಿಗೂ ಇರುವಷ್ಟು ವ್ಯತ್ಯಾಸ. ಮಸೂರದ ನಡುಭಾಗದಿಂದ ಹಾದ ಬೆಳಕು ಒಂದು ಕಡೆ ಕೂಡಿದರೆ, ಅಂಚಿನಿಂದ ಹಾದದ್ದು ಅದಕ್ಕಿಂತ ತುಸು ಮೊದಲೇ ಕೂಡುತ್ತದೆ. ಹಾಗಾಗಿ ಒಳಗೆ ಕೂದಲೆಳೆಯಷ್ಟು ಚೂಪಾದ ಚಿತ್ರ, ಅದರ ಮೇಲೆ ಬೆಳಕಿನ ತೆಳುವಾದ ಹೊದಿಕೆ. ಮಸೂರದ ಬಳೆಯನ್ನು ತಿರುಗಿಸಿ ಒಳಗಿನ ಕಿಂಡಿಯನ್ನು ಹಿಗ್ಗಿಸಿದರೆ ಹೊದಿಕೆ ದಪ್ಪವಾಗುತ್ತದೆ. ಕುಗ್ಗಿಸುತ್ತ ಹೋದರೆ ಹೊದಿಕೆ ಜಾರಿ ಬರೀ ಚೂಪು ಉಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಕಸುಬು.

ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದ ಆಕೆಗೆ ಇದರ ಲೆಕ್ಕವೆಲ್ಲ ಗೊತ್ತಿತ್ತು. ಆದರೆ ಮಾವನ ಸ್ಟುಡಿಯೊದಲ್ಲಿ ಲೆಕ್ಕ ನಡೆಯುತ್ತಿರಲಿಲ್ಲ. ಆಕೆ ಕೆಲಸ ಕಲಿಯಲು ಬಂದ ದಿನವೇ ಬಳೆಯ ಮೇಲಿನ ಅಂಕಿಗಳೆಲ್ಲ ಕಪ್ಪು ಬಟ್ಟೆಯ ಟೇಪಿನಡಿ ಮುಚ್ಚಿಹೋಗಿದ್ದವು. ಅಂಕಿ ನೋಡಿ ಕಿಂಡಿ ತೆರೆಯುವವನು ಗಡಿಯಾರ ನೋಡಿ ಹಸಿವು ಮಾಡಿಕೊಳ್ಳುವವನ ಹಾಗೆ ಎನ್ನುತ್ತಿದ್ದ ಮಾವ. ಕ್ಯಾಮೆರಾದ ಹಿಂದಿನ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಮುಖವನ್ನು ನೋಡು, ಕಣ್ಣು ಸಾಕು ಅಂದಲ್ಲಿ ಕೈ ನಿಲ್ಲಿಸು, ಅಷ್ಟೇ. ಮೊದಮೊದಲು ನಗು ಬಂದರೂ ಎರಡು ವರ್ಷದಲ್ಲಿ ಆಕೆಯ ಬಲಗಣ್ಣು ಪಳಗಿತು. ಮಾವ ತೀರಿಕೊಂಡು ಇಪ್ಪತ್ತು ವರ್ಷವಾದರೂ ಟೇಪನ್ನು ಕೀಳಬೇಕು ಎಂದು ಆಕೆಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಹೋದ ವಾರ ಮಬ್ಬುಗಾಜಿನ ಮೇಲೆ ರಾಣಿಯಮ್ಮನ ಮುಖ ಸರಿಯಾಗಿಯೇ ಇತ್ತು. ಅದು ಆಕೆಗೆ ಚೆನ್ನಾಗಿ ನೆನಪಿತ್ತು. ಗಾಜಿನ ಮೇಲೆ ಇದ್ದ ಹೊದಿಕೆ ಫಿಲ್ಮಿಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತು?

ಸಂಶಯ ಮೊದಲು ಗಂಡನ ಮೇಲೆ ಹೋಯಿತು. ಶಾಲೆಯೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡಿದ್ದು ನಿವೃತ್ತರಾದ ಅವರು ಈಗ ಡಾರ್ಕ್ ರೂಮಿನ ಒಡೆಯ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಬಿಸಿಯಾಗಿತ್ತೇ, ಹೆಚ್ಚು ಹೊತ್ತು ಬಿಟ್ಟಿರೇ ಎಂದು ಆಕೆ ಕೇಳಿದ್ದಕ್ಕೆ ಅವರು ಒಳಗೆ ಹೋಗಿ, ಈ ವರ್ಷದ ನೆಗೆಟಿವ್‌ಗಳನ್ನೆಲ್ಲ ತಂದು ಬೆಳಕಿನ ಮೇಜಿನ ಮೇಲೆ ತಿಂಗಳ ಪ್ರಕಾರ ಸಾಲಾಗಿ ಜೋಡಿಸಿದರು. ಕಲಿಸುವವರ ಕೈ, ಜೋಡಣೆಯಲ್ಲೂ ಒಂದು ಪಾಠವಿತ್ತು. ಎಡದ ತುದಿಯಲ್ಲಿ ಮುಖಗಳು ಹೊಳೆಯುತ್ತಿದ್ದವು. ಬಲಕ್ಕೆ ಬರಬರುತ್ತ ಒಣಗುತ್ತಿದ್ದವು.

"ಇದು ಒಂದಿನದ ಡೆವಲಪರ್ ಕೆಲಸ ಅಲ್ಲ," ಎಂದರು ಗಂಡ.

"ಹಾಗಾದ್ರೆ ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು. ನಿನ್ನ ರುಚಿ ಬದಲಾಗಿದೆ ಅಂದ್ಕೊಂಡೆ. ವಯಸ್ಸಾದ ಮೇಲೆ ಖಾರ ಇಷ್ಟ ಆಗುತ್ತಲ್ಲ ಕೆಲವರಿಗೆ, ಹಾಗೆ."

"ಒಂದು ಮಾತು ಹೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?"

"ಹೇಳಿದ್ರೆ ಡೆವಲಪರ್ ಬಿಸಿಯಾಗಿತ್ತಾ ಅಂತೀಯ."

ಆಕೆಗೆ ಸಿಟ್ಟು ಬರಬೇಕಿದ್ದ ಕಡೆ ನಗು ಬಂತು. ಗಂಡನ ದಾಖಲೆ ಪುಸ್ತಕವನ್ನು ಎಳೆದುಕೊಂಡು ಓದಿದಳು. ಆಕೆ ಮಬ್ಬುಗಾಜಿಗೇ ಮೀಟರ್ ಒತ್ತಿ ಬೆಳಕು ಅಳೆದು, ಫಿಲ್ಮಿಗೆ ಎಷ್ಟು ಹೊತ್ತು ಬೆಳಕು ಕೊಡಬೇಕು ಎಂದು ಕೂಗಿ ಹೇಳುವುದು, ಅವರು ಬರೆದುಕೊಳ್ಳುವುದು ರೂಢಿ. ಹತ್ತು ವರ್ಷದ ಹಿಂದೆ ಇದೇ ತಿಂಗಳು, ಇದೇ ಕಿಟಕಿ, ರಾಣಿಯಮ್ಮನಿಗೆ ಅರ್ಧ ಸೆಕೆಂಡು. ಹೋದ ವಾರ ಎರಡು ಸೆಕೆಂಡು. ಸಮಯ ಹೀಗೆ ಬೆಳೆಯುತ್ತಿರುವುದು ಆಕೆಗೆ ತಿಳಿದೇ ಇತ್ತು. ಎದುರಿನ ಕಟ್ಟಡಕ್ಕೆ ಎರಡನೆಯ ಮಹಡಿ ಎದ್ದು ಬೆಳಕು ಕದ್ದಿದೆ ಎಂದು ಕಂಡವರ ಮುಂದೆಲ್ಲ ಬೈದುಕೊಂಡಿದ್ದಳು. ಕಿಂಡಿಯನ್ನು ತನ್ನ ಕೈಯೇ ಕುಗ್ಗಿಸುತ್ತ ಬಂದಿದ್ದರೂ ಸಮಯ ಹೀಗೇ ಬೆಳೆಯುತ್ತದೆ ಎಂಬುದು ಈಗ ಹೊಳೆಯಿತು.

ಆದರೆ ಕೈ ಯಾಕೆ ಕುಗ್ಗಿಸಿತು? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು ಎನ್ನುವುದು ಕಾಲೇಜಿನಲ್ಲಿ ಕಲಿತ ಪಾಠ. ಮೃದು ಮಸೂರವನ್ನು ಕಳಚಿ, ಹಳೆಯ ಕಾಗದಪತ್ರಗಳ ನಕಲು ತೆಗೆಯುವ ಸಾಧಾರಣ ಮಸೂರವನ್ನು ಹಾಕಿದಳು. ಹೊದಿಕೆ ಗಿದಿಕೆಯ ಹಂಗಿಲ್ಲದ, ಇದ್ದದ್ದನ್ನು ಇದ್ದಂತೆ ಹೇಳುವ ಮಸೂರ ಅದು. ಕೋಣೆಯ ತುದಿಯಲ್ಲಿ ಒಂದು ಸಣ್ಣ ಬಲ್ಬು ಹೊತ್ತಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಎಂದಿನಂತೆ ಬಲಗಣ್ಣಿನಿಂದ ನೋಡಿದಳು. ಗಾಜಿನ ಮೇಲೆ ಬಲ್ಬಿನ ಸುತ್ತ ಬೆಳಕಿನ ತೆಳು ಹೊದಿಕೆ ಇತ್ತು. ಚೆನ್ನಾಗಿಯೇ ಇತ್ತು.

ಆಕೆ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಳು. ಹೊದಿಕೆ ಹೋಯಿತು. ಮತ್ತೆ ಬಲಗಣ್ಣು: ಬಂತು. ಎಡಗಣ್ಣು: ಹೋಯಿತು. ಮಸೂರ ಅಲ್ಲೇ, ಬಲ್ಬು ಅಲ್ಲೇ. ಬದಲಾದದ್ದು ಕಣ್ಣು ಒಂದೇ.

"ಏನು ಕಾಣ್ತು?" ಎಂದು ಹೊರಗಿನಿಂದ ಗಂಡ ಕೇಳಿದರು.

"ಬಲಗಣ್ಣಲ್ಲಿ ಪೊರೆ ಬಂದಿದೆ ರೀ," ಎಂದಳು ಆಕೆ, ಬಟ್ಟೆಯ ಒಳಗಿಂದಲೇ. "ಮಸೂರ ಕೊಡೋ ಮೃದುವಿನ ಮೇಲೆ ನನ್ನ ಕಣ್ಣಿಂದು ಬೇರೆ. ಎರಡೂ ಸೇರಿ ಜಾಸ್ತಿ ಆಯ್ತು ಅಂತ ನಾನು ಕಿಂಡಿ ಮುಚ್ತಾ ಬಂದಿದ್ದೀನಿ. ಫಿಲ್ಮಿಗೆ ಪೊರೆ ಇಲ್ವಲ್ಲ, ಅದು ಇದ್ದಿದ್ದು ಇದ್ದಹಾಗೆ ಬರ್ಕೊಂಡಿದೆ."

ಗಂಡ ಕೂಡಲೇ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದರು. ಮುಂದಿನ ಸೋಮವಾರ ಬನ್ನಿ ಎಂದರು ಡಾಕ್ಟರು. ರಾಣಿಯಮ್ಮ ಬರುವುದು ಗುರುವಾರ. ಅವರ ಕೆಲಸವನ್ನು ಬಿಟ್ಟುಬಿಡು, ವಿಷಯ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಗಂಡ ಮೆಲ್ಲಗೆ ಹೇಳಿ ನೋಡಿದರು. ಆಕೆಗೆ ಬೇಕಾದದ್ದು ಕನಿಕರವಾಗಿರಲಿಲ್ಲ. ತೊಂದರೆ ಏನೆಂದು ತಿಳಿಯದಾಗ ಇದ್ದ ಅಂಜಿಕೆ, ತಿಳಿದ ಮೇಲೆ ಅರ್ಧ ಇಳಿದಿತ್ತು. ಎಷ್ಟು ತಪ್ಪುತ್ತಿದ್ದೇನೆ ಎಂದು ಗೊತ್ತಾದರೆ ಅಷ್ಟನ್ನು ತಿದ್ದಿಕೊಳ್ಳಬಹುದು. ತಕ್ಕಡಿ ವಾಲಿದೆ ಎಂದು ಗೊತ್ತಿರುವವನು ಅದೇ ತಕ್ಕಡಿಯಲ್ಲಿ ಸರಿಯಾಗಿ ತೂಗಬಲ್ಲ.

ಮುಖ ಎಲ್ಲಿ ಚೂಪಾಗಿದೆ ಎಂದು ಹೇಳುವ ಕೆಲಸವನ್ನು ಎಡಗಣ್ಣು ಮಾಡಬಹುದಿತ್ತು. ಆದರೆ ಎಷ್ಟು ಮೃದು ಸಾಕು ಎಂಬ ತೀರ್ಪನ್ನು ಅದು ಈ ಜನ್ಮದಲ್ಲಿ ಕೊಟ್ಟಿರಲಿಲ್ಲ. ಸಾಕ್ಷಿಗಳಿಬ್ಬರು, ಒಬ್ಬ ಸುಳ್ಳ, ಇನ್ನೊಬ್ಬ ಅನನುಭವಿ. ಮೂರನೆಯ ಸಾಕ್ಷಿ ಟೇಪಿನ ಕೆಳಗಿತ್ತು.

ಮೃದು ಮಸೂರವನ್ನು ಮತ್ತೆ ಹಾಕಿ, ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಬಲಗಣ್ಣು ಸಾಕು ಎಂದಲ್ಲಿ ಬಳೆಯನ್ನು ನಿಲ್ಲಿಸಿದಳು. ಆಮೇಲೆ ಹೊರಗೆ ಬಂದು ಉಗುರಿನಿಂದ ಟೇಪಿನ ತುದಿಯನ್ನು ಎಬ್ಬಿಸಿದಳು. ಅಷ್ಟು ವರ್ಷದ ಅಂಟು ಒಣಗಿ ಹುಡಿಯಾಗಿ ಉದುರಿತು. ಗುರುತಿನ ತಿರುಪಿನ ಎದುರು ನಿಂತಿದ್ದ ಅಂಕಿ ಹನ್ನೊಂದು. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು; ಹನ್ನೊಂದರಲ್ಲಿ ಈ ಮಸೂರಕ್ಕೂ ನಕಲು ತೆಗೆಯುವ ಮಸೂರಕ್ಕೂ ಹೆಚ್ಚು ಭೇದವಿಲ್ಲ. ರಾಣಿಯಮ್ಮ ಸರ್ವೆ ನಕ್ಷೆ ಎಂದದ್ದು ಸುಮ್ಮನಲ್ಲ.

ಹತ್ತಿಗೆ ಸ್ಪಿರಿಟ್ ಅದ್ದಿ ಬಳೆಯನ್ನು ಒರೆಸುವಾಗ ಬೆರಳಿಗೆ ಏನೋ ತಗುಲಿತು. ಐದೂವರೆಯ ಅಂಕಿ ದಾಟಿದ ಕೂಡಲೇ ಬಳೆಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಕಾರ್ಖಾನೆಯದಲ್ಲ, ಅರದಿಂದ ಯಾರೋ ಕೈಯಲ್ಲಿ ಉಜ್ಜಿದ್ದು. ಆಕೆ ಟೇಪನ್ನು ಮತ್ತೆ ಅದರ ಮೇಲೆ ಹಿಡಿದು ಹೆಬ್ಬೆರಳಿನಿಂದ ಸವರಿದಳು. ಬಟ್ಟೆಯ ಮೇಲಿಂದಲೂ ಕಚ್ಚು ತಿಳಿಯುತ್ತಿತ್ತು.

ಕಪ್ಪು ಬಟ್ಟೆಯೊಳಗೆ ತಲೆ, ಹೊರಗೆ ಚಾಚಿದ ಕೈ, ಬಳೆಯ ಮೇಲೆ ಹಿಂದೆ ಮುಂದೆ ಓಡಾಡುವ ಹೆಬ್ಬೆರಳು: ಮಾವ ಆಕೆಯ ಕಣ್ಣಿಗೆ ಕಟ್ಟಿದ. ಕಣ್ಣು ಸಾಕು ಅನ್ನುವ ತನಕ ಕಾಯಬೇಕು ಎಂದು ಒಳಗಿನಿಂದ ಹೇಳುತ್ತಿದ್ದವನ ಹೆಬ್ಬೆರಳು ಹುಡುಕುತ್ತಿದ್ದದ್ದು ಈ ಕಚ್ಚನ್ನು.

"ಕಳ್ಳ ಮಾವ," ಎಂದಳು ಆಕೆ ಜೋರಾಗಿ.

ಗುರುವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ರಾಣಿಯಮ್ಮ ಬಂದು ಕೂತರು. ಆಕೆ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಬೆಳಕು ಒಂದು ಕಡೆಯಿಂದ ಗಟ್ಟಿಯಾಗಿ ಬೀಳದಿದ್ದರೆ ಈ ಮಸೂರಕ್ಕೆ ಹೊದೆಸಲು ಏನೂ ಸಿಗುವುದಿಲ್ಲ. ಬಳೆಯನ್ನು ಮೊದಲೇ ಕಚ್ಚಿಗೆ ತಂದು ನಿಲ್ಲಿಸಿದಳು, ಯಾಕೆಂದರೆ ಕಿಂಡಿ ಬದಲಾದರೆ ಚೂಪಿನ ಜಾಗವೂ ಸರಿಯುತ್ತದೆ. ಎಡಗಣ್ಣಿನಿಂದ ರಾಣಿಯಮ್ಮನ ಕಣ್ಣಿನ ಹೊಳಪಿನ ಚುಕ್ಕೆಯನ್ನು ಹಿಡಿದಳು. ಮೀಟರ್ ಒತ್ತಿದಳು. ಅರ್ಧ ಸೆಕೆಂಡು. ಎದುರಿನ ಕಟ್ಟಡ ಪಾಪ, ಏನನ್ನೂ ಕದ್ದಿರಲಿಲ್ಲ.

ಕೊನೆಗೊಮ್ಮೆ, ತಡೆಯಲಾರದೆ, ಬಲಗಣ್ಣಿನಿಂದ ನೋಡಿದಳು. ತಲೆಕೆಳಗಾದ ರಾಣಿಯಮ್ಮ ಹಬೆ ಹಿಡಿದ ಕನ್ನಡಿಯೊಳಗೆ ಇದ್ದಂತಿದ್ದರು. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ಕಾಣದಷ್ಟು ಬೆಳಕು. ಕೈ ತಾನಾಗಿ ಬಳೆಯ ಕಡೆ ಹೋಯಿತು. ಒಂದೇ ಒಂದು ಎಳೆ ಮುಚ್ಚಿದರೆ ಸಾಕು ಎಂದು ಮೂವತ್ತು ವರ್ಷ ಪಳಗಿದ ಕಣ್ಣು ಹೇಳುತ್ತಿತ್ತು. ಅದೇ ಕಣ್ಣಿನ ಮಾತು ಕೇಳಿ ಆಕೆ ಇದುವರೆಗೆ ಊಟ ಮಾಡಿದ್ದಳು.

ಗಂಡ ಫಿಲ್ಮ್ ಹೋಲ್ಡರ್ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಹೋಲ್ಡರಿನ ಎರಡೂ ಬದಿಗೆ ಒಂದೊಂದು ಫಿಲ್ಮ್. ಅವರು ಬಗ್ಗಿ ಪಿಸುಗುಟ್ಟಿದರು: "ಒಂದು ಕಚ್ಚಲ್ಲಿ ತೆಗಿ, ಇನ್ನೊಂದು ಕಣ್ಣಳತೇಲಿ ತೆಗಿ. ಯಾವುದಾದ್ರೂ ಒಂದು ಬರುತ್ತೆ."

ಆಕೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಎರಡು ದೋಣಿ ಮೇಲೆ ಕಾಲು ಬೇಡ ರೀ. ಎರಡೂ ಕಚ್ಚಲ್ಲೇ."

"ಅದೇನು ಗಂಡ ಹೆಂಡತಿ ಗುಟ್ಟು?" ಎಂದರು ರಾಣಿಯಮ್ಮ ತುಟಿ ಅಲುಗಿಸದೆ.

"ನಿಮ್ಮ ಮುಖದಲ್ಲಿ ಹಳ್ಳ ಮುಚ್ಚಿ ರಸ್ತೆ ಮಾಡ್ತಿದ್ದೀವಿ ಅಕ್ಕ," ಎಂದಳು ಆಕೆ. ರಾಣಿಯಮ್ಮನ ಕಣ್ಣಂಚಿನಲ್ಲಿ ನಗು ಏಳುವುದನ್ನು ಕಂಡು ಮಸೂರದ ಮುಚ್ಚಳ ತೆರೆಸುವ ರಬ್ಬರಿನ ಬುಗ್ಗೆಯನ್ನು ಒತ್ತಿದಳು. ಹೋಲ್ಡರ್ ತಿರುಗಿಸಿ, ಇನ್ನೊಮ್ಮೆ.

ಡಾರ್ಕ್ ರೂಮಿನ ಬಾಗಿಲು ತೆರೆದಾಗ ಆಕೆ ಎದ್ದು ನಿಂತಳು. ಗಂಡ ಒದ್ದೆ ನೆಗೆಟಿವನ್ನು ಬೆಳಕಿಗೆ ಹಿಡಿದರು. ಎಡಗಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಆಕೆ ನೋಡಿದಳು. ರೆಪ್ಪೆಯ ಒಂದೊಂದು ಕೂದಲೂ ಬೇರೆಬೇರೆ ಇತ್ತು. ಅವುಗಳ ಸುತ್ತ ಬೆಳಕು ಹರಡಿತ್ತು.

ಮರುದಿನ ಚಿತ್ರ ಒಯ್ಯಲು ಬಂದ ರಾಣಿಯಮ್ಮ ಅದನ್ನು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಎದುರಿನ ಪಾತ್ರಧಾರಿಯನ್ನು ಅಳೆಯುವವರ ಹಾಗೆ ನೋಡಿದರು. ಹಣೆಯ ಗೆರೆಗಳು ಇದ್ದವು. ಯಾವುದೂ ಕಿರುಚುತ್ತಿರಲಿಲ್ಲ.

"ಹ್ಞೂಂ. ಇವಳ ಹತ್ರ ಮಾತಾಡಬಹುದು," ಎಂದರು. ಚಿತ್ರವನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಾಗಿಲ ತನಕ ಹೋಗಿ ತಿರುಗಿದರು. "ನಿನ್ನ ಬಲಗಣ್ಣನ್ನ ಯಾವಾಗ ತೋರಿಸ್ತೀಯ?"

ಆಕೆ ಗಂಡನ ಕಡೆ ನೋಡಿದಳು. ಅವರು ತಾವಲ್ಲ ಎಂಬಂತೆ ತಲೆಯಾಡಿಸಿದರು.

"ಅವನೇನೂ ಹೇಳಿಲ್ಲ. ಹೋದ ವಾರ ನಾನು ಬಂದಾಗ ನೀನು ನಿನ್ನ ಬಲಗಡೆ ಇದ್ದ ಕುರ್ಚಿಗೆ ಎಡವಿದೆ. ಕೊನೇ ಸಾಲಲ್ಲಿ ಯಾರು ಆಕಳಿಸ್ತಾರೆ ಅಂತ ರಂಗದ ಮೇಲಿಂದ ನೋಡಿದ ಕಣ್ಣು ನಂದು."

"ಸೋಮವಾರ ಅಕ್ಕ."

"ಶನಿವಾರ ನಾಟಕಕ್ಕೆ ಬಾ. ಬಲಗಡೆ ಕೂರಿಸ್ತೀನಿ, ರಂಗ ನಿನ್ನ ಎಡಗಣ್ಣಿಗೆ ಬೀಳುತ್ತೆ."

ಅವರು ಹೋದ ಮೇಲೆ ಆಕೆ ಕಪಾಟಿನಿಂದ ಕಪ್ಪು ಬಟ್ಟೆಯ ಟೇಪಿನ ಸುರುಳಿಯನ್ನು ತೆಗೆದಳು. ಬಳೆಯ ಸುತ್ತಳತೆಗೆ ಸರಿಯಾಗಿ ಕತ್ತರಿಸಿ, ಅಂಕಿಗಳ ಮೇಲೆ ಒಂದೂ ಸುಕ್ಕು ಬಾರದಂತೆ ಸುತ್ತಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಒಂದು ಕಡೆ ಮಾತ್ರ ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಜ್ಜತೊಡಗಿದಳು, ಹೊಸ ಬಟ್ಟೆ ಕಚ್ಚಿನೊಳಗೆ ಇಳಿಯುವ ತನಕ.