ಒಂದನೇ ದರ್ಜೆಯ ಕಿವಿ

ಗೋಡೆಯಾಚೆ ಇರುವೆ ನಡೆದರೆ ಅದರ ಆರು ಕಾಲುಗಳಲ್ಲಿ ಯಾವುದು ಕುಂಟುತ್ತಿದೆ ಎಂದು ಈಚೆಯಿಂದಲೇ ಹೇಳಬಲ್ಲವನು ನಾನು. ನಂಬದಿದ್ದರೆ ಕಾರ್ಖಾನೆಯ ಫೈಲು ತೆಗೆದು ನೋಡಿ. ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ಕಿವಿ ಪರೀಕ್ಷೆ, ಎಲ್ಲದರಲ್ಲೂ ಒಂದನೇ ದರ್ಜೆ. ತಗಡಿನ ಡಬ್ಬ ಒತ್ತುವ ನಮ್ಮ ಕಾರ್ಖಾನೆಯಲ್ಲಿ ಮೀಸೆ ಮೂಡದ ಹುಡುಗರೇ ಈ ಪರೀಕ್ಷೆಯಲ್ಲಿ ತಿಣುಕುತ್ತಾರೆ.

ಇಂಥ ಕಿವಿ ಸುಮ್ಮನೆ ಬರುವುದಿಲ್ಲ. ಏಳನೇ ವಯಸ್ಸಿನಲ್ಲಿ ನನ್ನ ಎರಡೂ ಕಿವಿ ಸೋರತೊಡಗಿದವು. ತಲೆಯಲ್ಲಿ ಬುದ್ಧಿ ಹೆಚ್ಚಾಗಿ ತುಳುಕುತ್ತಿತ್ತು, ಅಷ್ಟೇ. ಅದರ ವಾಸನೆಗೆ ಬೆರಗಾದ ಮೇಷ್ಟ್ರು ಕೊನೆಯ ಬೆಂಚನ್ನು ಖಾಲಿ ಮಾಡಿಸಿ ನನ್ನೊಬ್ಬನನ್ನೇ ಮಹಾರಾಜನಂತೆ ಕೂರಿಸಿದರು. ಎರಡೇ ವರ್ಷದಲ್ಲಿ, ಇವನಿಗೆ ಕಲಿಸುವುದು ಇನ್ನೇನೂ ಇಲ್ಲವೆಂದು ಕೈಮುಗಿದು ಮನೆಗೆ ಕಳುಹಿಸಿಬಿಟ್ಟರು. ಅಷ್ಟು ಓದಿದವನಿಗೆ ಅಳತೆ ನೋಡುವ, ಚೀಟಿ ಬರೆಯುವ ಕೆಲಸ ಸಿಗುವುದಿಲ್ಲ. ಸಿಕ್ಕಿದ್ದರೂ ನಾನು ಒಲ್ಲೆ ಎನ್ನುತ್ತಿದ್ದೆ ಅನ್ನಿ. ದೊಡ್ಡ ಪ್ರೆಸ್ಸೇ ನನ್ನನ್ನು ಕೈಬೀಸಿ ಕರೆಯಿತು. ಅದು ಒಮ್ಮೆ ಬಡಿದರೆ ಮೂರು ಬೀದಿಯಾಚೆ ತೊಟ್ಟಿಲ ಮಗು ಎದ್ದು ಕೂರುತ್ತದೆ. ನಿಮಿಷಕ್ಕೆ ನಲವತ್ತು ಬಡಿತ. ಅದರ ಪಕ್ಕ ನಿಲ್ಲಲು ಓದಿಕೊಂಡವರಿಗೆ ಗುಂಡಿಗೆ ಎಲ್ಲಿದೆ?

ಮೊನ್ನೆ ಇಪ್ಪತ್ತಮೂರನೆಯ ಪರೀಕ್ಷೆ. ಈ ಸಲ ಫೇಲಾದವರಿಂದ ಗೇಟ್ ಪಾಸ್ ಕಿತ್ತುಕೊಳ್ಳುತ್ತಾರೆ ಎಂಬ ಸುದ್ದಿ ವಾರದಿಂದ ಹಬ್ಬಿತ್ತು. ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಕಾಜಕ್ಕೆ ಸೇರಲೇ ಇಲ್ಲ. ನಮ್ಮವಳು ಬಂದು ಹಾಕಿದಳು.

"ಭಯಾನಾ?"

"ಚಳಿ ಕಣೇ."

"ಬೆವರ್ತಾ ಇದ್ದೀರಲ್ರೀ!"

"ನನ್ನ ಚಳಿ ಹಂಗೇ. ಬಿಸಿ ಬಿಸಿ."

ಅವಳು ನಗಲಿಲ್ಲ. ಕೊನೆಯ ಗುಂಡಿಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಮ್ಮ ಮೇಸ್ತ್ರಿ ನಿಂತಿದ್ದ. "ಬಾರಪ್ಪಾ ಇರುವೆ ಡಾಕ್ಟ್ರೇ! ಹೊಸ ಮೇಡಂ ಬಂದಿದಾರೆ. ಹಳೇ ಡಾಕ್ಟ್ರ ಥರ ಪೇಪರ್ ಓದ್ತಾ ಗುಂಡಿ ಒತ್ತಲ್ಲ. ನಿನ್ನೆ ಇಬ್ಬರು ಫೇಲು, ಸಂಜೆಗೇ ಗೇಟಿಂದಾಚೆ."

"ಪಾಪ, ಎಳೇ ಕಿವಿಗಳು," ಎಂದೆ.

ಒಳಗೆ ಗಾಜಿನ ಪೆಟ್ಟಿಗೆಯಂಥ ಗೂಡು. ನನ್ನನ್ನು ಅದರಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ದಪ್ಪ ಬಾಗಿಲು ಹಾಕಿದರು. ಶಬ್ದ ಕೇಳಿದಾಗ ಕೈ ಎತ್ತಬೇಕು. ಗಾಜಿನಾಚೆ ಮೇಡಂ ಕೂತರು. ನನ್ನ ಮಗಳ ವಯಸ್ಸಿರಬಹುದು. ಕೈಗಳು ಮೇಜಿನ ಕೆಳಗಿದ್ದವು. ನನ್ನ ಎದೆ ಪ್ರೆಸ್ಸನ್ನೂ ಮೀರಿಸಿ ಬಡಿಯುತ್ತಿತ್ತು. ಆದರೂ ಹದ್ದಿನ ಕಣ್ಣು ನನ್ನದು. ಗುಂಡಿ ಒತ್ತುವಾಗ ಅವರ ಬಲ ಭುಜ ಎಳ್ಳಷ್ಟು ಏಳುತ್ತಿತ್ತು. ಭುಜ ಎದ್ದಿತು, ನನ್ನ ಕೈ ಎದ್ದಿತು. ಮತ್ತೆ ಭುಜ, ಮತ್ತೆ ಕೈ. ಒಂದನ್ನೂ ಬಿಡಲಿಲ್ಲ. ಕೊನೆಗೆ ಬೇಸರ ಬಂದವನಂತೆ ಆಕಳಿಸುತ್ತಾ ಎತ್ತಿದೆ.

ಮೇಡಂ ಬಾಗಿಲು ತೆರೆದು ಬಂದು ನನ್ನ ಮುಖದ ಎದುರೇ ಕೂತು, ತುಟಿ ಬಿಡಿಸಿ ಬಿಡಿಸಿ ಮಾತಾಡಿದರು.

"ಯಜಮಾನ್ರೇ, ಕೊನೇ ಹತ್ತು ಸಲ ಮಶೀನ್ ಆಫ್ ಇತ್ತು. ನಾನು ಬರೀ ಭುಜ ಎತ್ತಿದೆ."

"ಆಫ್ ಆಗಿರೋ ಮಶೀನೂ ನನಗೆ ಕೇಳಿಸುತ್ತೆ ಮೇಡಂ!"

ಅವರು ಫೈಲು ತೆರೆದು ನನ್ನ ಮುಂದಿಟ್ಟರು. ಕಾಗದ ತಿರುವುತ್ತಾ ಹೋದರು. "ವರ್ಷ ವರ್ಷಾನೂ ಒಂದನೇ ದರ್ಜೆ. ಮೊದಲನೇ ಸಲವೇ ನಿಜ ಹೇಳಿದ್ದಿದ್ರೆ ನಿಮ್ಮನ್ನ ಸದ್ದಿಲ್ಲದ ಕಡೆ ಹಾಕ್ಬೇಕಾಗ್ತಿತ್ತು. ನಿಯಮ ಇದೆ. ಈಗ ಬರೀ ಫೇಲ್ ಅಂತ ಬರೆದ್ರೆ ಏನಾಗುತ್ತೆ ಗೊತ್ತಾ? ಹೋದ ವರ್ಷದವರೆಗೂ ಕಿವಿ ಚೆನ್ನಾಗಿತ್ತು, ಪ್ರೆಸ್ಸಿನ ತಪ್ಪೇನಿಲ್ಲ, ಇವನಿಗೆ ವಯಸ್ಸಾಯ್ತು ಅಂತ ಕಳಿಸ್ತಾರೆ. ಈ ಕಾಗದಗಳೇ ಅವರಿಗೆ ಸಾಕ್ಷಿ."

ಕೆಲಸ ಉಳಿಯಲೆಂದು ನಾನೇ ವರ್ಷಕ್ಕೊಂದರಂತೆ ಒದಗಿಸಿದ ಸಾಕ್ಷಿ. ಫೈಲು ಮುಚ್ಚಿ ಅವರ ಕಡೆಗೇ ತಳ್ಳಿದೆ.

"ಯಾವಾಗಿಂದ ಹೀಗೆ? ನೀವು ಹೇಳಿದ್ದನ್ನೇ ಬರೀತೀನಿ. ಕೆಲಸ ಉಳಿಯುತ್ತೆ ಅಂತ ಮಾತು ಕೊಡಲ್ಲ."

ಐವತ್ತು ದಾಟಿದೆ ನನಗೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ದೊಡ್ಡದೊಂದು ಕಥೆ ನಾಲಿಗೆಯ ತುದಿಗೆ ಬಂದೇ ಬಂತು, ನುಂಗಿಕೊಂಡೆ.

"ಏಳನೇ ವಯಸ್ಸಿಂದ ತಾಯಿ. ಕೀವು ಸೋರ್ತಿತ್ತು. ಕೂಲಿ ಬಿಟ್ಟು ಆಸ್ಪತ್ರೆ ಸಾಲಲ್ಲಿ ನಿಲ್ಲೋಕೆ ಅಮ್ಮನ ಕೈಲಿ ಆಗ್ಲಿಲ್ಲ. ನಾತ ಅಂತ ಮೇಷ್ಟ್ರು ಹಿಂದೆ ಕೂರಿಸಿದ್ರು. ಹಿಂದೆ ಕೂತ್ರೆ ಪಾಠ ಕೇಳಿಸ್ತಿರ್ಲಿಲ್ಲ. ದಡ್ಡ ಅಂದ್ರು. ದಡ್ಡ ಅಂತ ಬಿಡಿಸಿದ್ರು. ಓದು ಬರದವನಿಗೆ ಇಲ್ಲಿ ಪ್ರೆಸ್ ಒಂದೇ ಇದ್ದಿದ್ದು. ಉಳಿದಿದ್ದ ಚೂರುಪಾರನ್ನ ಅದು ತಿಂತು. ಎಡಗಡೆ ಏನೂ ಇಲ್ಲ. ಬಲಗಡೆ ಗುಂಯ್ ಅನ್ನೋದೊಂದೇ."

ಅವರ ಪೆನ್ನು ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ.

"ಹೋದ ತಿಂಗಳು ತಗಡು ತುಂಬಿದ ಗಾಡಿ ಹಿಂದಿನಿಂದ ಬಂತು. ಎಲ್ಲರೂ ಕೂಗಿದ್ರಂತೆ. ಮೇಸ್ತ್ರಿ ಕಾಲರ್ ಹಿಡಿದು ಎಳೆದ. ನಾನೇ ಹಾರಿ ತಪ್ಪಿಸ್ಕೊಂಡೆ ಅಂತ ಮನೇಲಿ ಹೇಳಿದೆ. ಅವತ್ತಿಂದ ರಸ್ತೇಲೂ ಗೋಡೆಗೆ ಬೆನ್ನು ಕೊಟ್ಟು ನಿಲ್ತೀನಿ. ಹೆಂಡತಿ ಹಿಂದಿನಿಂದ ಮುಟ್ಟಿದ್ರೂ ಬೆಚ್ಚಿಬೀಳ್ತೀನಿ. ಕೆಲಸ ಹೋಗುತ್ತೆ ಅಂತ ಭಯ, ಕೆಲಸಕ್ಕೆ ಹೋಗೋಕೂ ಭಯ."

ಮೇಡಂ ತಲೆಯೆತ್ತಿದರು. "ಇದರಲ್ಲಿ ಸೇರಿಸಿ ಹೇಳಿದ್ದು ಎಷ್ಟು?"

"ಒಂದಕ್ಷರಾನೂ ಇಲ್ಲ ತಾಯಿ. ಇಷ್ಟೇ."