ನುಂಗಿಕೊಂಡ ಬಯಕೆ

ಏಳು ತಿಂಗಳ ಬಸುರಿ ಮಗಳು ನಯನ ಚಿಕ್ಕಯ್ಯನಛತ್ರದ ಗಂಡನ ಮನೆಯಿಂದ ತಿ. ನರಸೀಪುರದ ತವರಿಗೆ ಬಂದಿಳಿದ ದಿನದಿಂದ ಮಲ್ಲಾಜಮ್ಮನಿಗೆ ಒಂದೇ ಜಪ. "ಏನ್ ತಿನ್ಬೇಕು ಅನ್ಸುತ್ತೆ ಹೇಳು." ಬೆಳಗ್ಗೆ ಎದ್ದ ಕೂಡಲೇ ಅದೇ, ಜಡೆ ಹೆಣೆಯುವಾಗ ಅದೇ, ಮಗಳು ಬಚ್ಚಲಲ್ಲಿದ್ದರೆ ಬಾಗಿಲ ಆಚೆಯಿಂದಲೂ ಅದೇ. ಕೇಳಿ ಸಾಲದೆ ಮಾಡಿಯೂ ಹಾಕಿದಳು. ಒಬ್ಬಟ್ಟಾಯಿತು, ಗಸಗಸೆ ಪಾಯಸವಾಯಿತು, ಹುಣಸೆ ಚಿಗುರಿನ ಗೊಜ್ಜಾಯಿತು. ಗಂಡ ಸಿದ್ದಮಲ್ಲಪ್ಪ ನಂಜನಗೂಡಿನಲ್ಲಿ ಅರ್ಧ ದಿನ ಅಲೆದು ರಸಬಾಳೆ ತಂದದ್ದೂ ಆಯಿತು. ಮಗಳು ಎಲ್ಲದರಲ್ಲೂ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ತಟ್ಟೆ ಸರಿಸುತ್ತಿದ್ದಳು. ಆ ತಿಂಗಳಲ್ಲಿ ಹೊಟ್ಟೆ ಬೆಳೆದದ್ದು ಸಿದ್ದಮಲ್ಲಪ್ಪನದು.

"ನಂಗೇನೂ ಬೇಡಮ್ಮ, ಮಜ್ಜಿಗೆ ಅನ್ನ ಸಾಕು," ಎನ್ನುತ್ತಿದ್ದಳು ನಯನ. ಮಲ್ಲಾಜಮ್ಮ ಆ ಮಾತನ್ನು ನಂಬಲಿಲ್ಲ. ಬಸುರಿಗೆ ಬಯಕೆ ಇಲ್ಲದೆ ಇರುತ್ತದೆಯೇ? ಇದೆ, ಹೇಳುತ್ತಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದನ್ನು ಆ ಕಡೆಯ ಹೆಂಗಸರು ಕೇಳಿ ಬಲ್ಲರು. ಮಲ್ಲಾಜಮ್ಮ ಕಂಡು ಬಲ್ಲಳು, ಇಲ್ಲವೇ ಹಾಗೆಂದು ನಂಬಿದ್ದಳು. ನಯನಳ ಎಡಗಿವಿ ಚಿಕ್ಕಂದಿನಿಂದ ಕೇಳುವುದಿಲ್ಲ.

ಪಕ್ಕದ ಮನೆಯ ಸಾಕಮ್ಮ ಬಂದು ಹೊಟ್ಟೆ ಚೂಪಾಗಿದೆ, ಗಂಡೇ ಎಂದು ಒಂದು ದಿನ ಹೇಳಿ, ಮುಖ ಕಳೆಕಳೆಯಾಗಿದೆ, ಹೆಣ್ಣೇ ಎಂದು ಮರುದಿನ ಹೇಳಿ, ಎರಡು ದಿನವೂ ಕಾಫಿ ಕುಡಿದು ಹೋದಳು. ಪರಂಗಿ ಹಣ್ಣಿನ ಹೆಸರನ್ನೂ ಎತ್ತಬಾರದೆಂದಳು. ಇದನ್ನೆಲ್ಲ ಮಲ್ಲಾಜಮ್ಮ ನಕ್ಕು ಬಿಟ್ಟಳು. ಕಿವಿಯ ಮಾತೊಂದನ್ನು ಮಾತ್ರ ಅವಳಿಂದ ಬಿಡಲಾಗಲಿಲ್ಲ.

ನಯನ ಹೊಟ್ಟೆಯಲ್ಲಿದ್ದಾಗ ಮಲ್ಲಾಜಮ್ಮನಿಗೆ ಇಪ್ಪತ್ತು ವರ್ಷ. ಸಂಜೆ ಬಟ್ಟೆಯ ಗಂಟು ಹೊತ್ತು ಕಪಿಲೆಗೆ ಹೋಗುತ್ತಿದ್ದಳು. ಬಿಸಿಲು ನೀರಿನ ಮೇಲೆ ಮೈ ಚೆಲ್ಲಿ ಮಲಗಿರುತ್ತಿತ್ತು. ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದ ಗುಡಿಸಲುಗಳ ಕಡೆಯಿಂದ ಒಂದು ವಾಸನೆ ತೇಲಿ ಬರುತ್ತಿತ್ತು. ಅರಿಶಿನ, ಖಾರ ಸವರಿ ಕಾವಲಿಯ ಮೇಲೆ ಹಾಕಿದ ಮೀನು. ಎದೆಯ ಮೇಲೆ ಲಿಂಗ ಧರಿಸಿದ, ಮೊಟ್ಟೆಯ ಮಾತನ್ನೂ ಆಡದ ಮನೆಯ ಸೊಸೆ ಅವಳು. ಆ ವಾಸನೆಗೆ ಓಕರಿಕೆ ಬರಬೇಕಿತ್ತು, ಬಾಯಲ್ಲಿ ನೀರು ಬಂತು. ಒಗೆದ ಸೀರೆಯನ್ನೇ ಮತ್ತೆ ಜಾಲಿಸುತ್ತ, ಅರೆಗಣ್ಣು ಮುಚ್ಚಿ, ಅವಳು ಆ ವಾಸನೆಯೊಳಗೆ ನಿಂತಿರುತ್ತಿದ್ದಳು. ಹೊರಗೆ ನೀರು ಮೊಣಕಾಲನ್ನು ಮೆತ್ತಗೆ ತಳ್ಳುತ್ತಿತ್ತು, ಒಳಗೆ ಕೂಸು ಮೆತ್ತಗೆ ತಳ್ಳುತ್ತಿತ್ತು. ಯಾವುದು ಹೊಳೆ, ಯಾವುದು ಕೂಸು ಎಂದೇ ತಿಳಿಯುತ್ತಿರಲಿಲ್ಲ.

ಗುಡಿಸಲಿನ ಜವರಮ್ಮ ಒಂದು ಸಂಜೆ ಕಾವಲಿಯ ಮುಂದಿನಿಂದಲೇ ಕೂಗಿದಳು. "ದಿನಾ ಬಂದು ವಾಸ್ನೆ ಕುಡ್ಕಂಡು ಓಯ್ತೀಯಲ್ಲವ್ವಾ. ಒಂದ್ ತುಂಡು ಬಾಯ್ಗಾಕ್ಕೊ. ಬಸ್ರಿ ಕೇಳುದ್ರೆ ಯಾವ್ ದ್ಯಾವ್ರೂ ಬ್ಯಾಡ ಅನ್ನಕ್ಕಿಲ್ಲ."

ಮಲ್ಲಾಜಮ್ಮ ಲಿಂಗವನ್ನು ಮುಟ್ಟಿಕೊಂಡು, ಒದ್ದೆ ಗಂಟನ್ನು ಸೊಂಟಕ್ಕೇರಿಸಿ ಮನೆ ಸೇರಿದಳು. ಅಂದಿನಿಂದ ಬಾವಿ ನೀರಿನಲ್ಲೇ ಬಟ್ಟೆ ಒಗೆದಳು. ಕನಸಿನಲ್ಲಿ ಮಾತ್ರ ಹೊಳೆಯೇ ಮನೆಗೆ ಬರುತ್ತಿತ್ತು. ಅಡುಗೆಮನೆಯ ಹೊಸಿಲು ದಾಟಿ, ಒಲೆಯ ಸುತ್ತ, ಬೆಳ್ಳಗಿನ ಮೀನುಗಳು ಸದ್ದಿಲ್ಲದೆ ಈಜಾಡುತ್ತಿದ್ದವು.

ಎಂಟು ತಿಂಗಳ ಕೂಸಾಗಿದ್ದಾಗ ನಯನಳ ಎಡಗಿವಿ ಸೋರಲು ಶುರುವಾಯಿತು. ಅತ್ತೆ ಮೂಸಿ ನೋಡಿ, "ಯಾವ್ದೋ ಬಯಕೆ ನುಂಗ್ಕಂಡಿದೀಯ ಕಣೆ. ಏನು ಅಂತ ಹೇಳು. ಈಗ್ಲಾದ್ರೂ ಮಾಡಿ ಮಗೀನ ಕಿವಿಗೆ ಮುಟ್ಸಿದ್ರೆ ನಿಲ್ಲುತ್ತೆ," ಎಂದರು.

ಏನೆಂದು ಹೇಳುವುದು? "ಒಬ್ಬಟ್ಟು" ಎಂದಳು ಮಲ್ಲಾಜಮ್ಮ. ಒಬ್ಬಟ್ಟು ಮಾಡಿ ಕಿವಿಗೆ ಮುಟ್ಟಿಸಿದರು, ನಿಲ್ಲಲಿಲ್ಲ. "ಕಡುಬೂ ಇತ್ತು" ಎಂದಳು. ಅದಕ್ಕೂ ನಿಲ್ಲಲಿಲ್ಲ. ನಿಲ್ಲದಿದ್ದಷ್ಟೂ ಅವಳಿಗೆ ನಿಜ ಖಾತ್ರಿಯಾಗುತ್ತ ಹೋಯಿತು. ಸಿದ್ದಮಲ್ಲಪ್ಪ ಆಸ್ಪತ್ರೆಗೆ ತೋರಿಸೋಣ ಎಂದಾಗಲೆಲ್ಲ ಅವಳೇ ಅಡ್ಡ ಬಂದಳು. ಡಾಕ್ಟ್ರು ಬಸುರಿನಲ್ಲಿ ಏನು ತಿಂದೆ, ಏನು ತಿನ್ನಲಿಲ್ಲ ಎಂದು ಗಂಡನ ಎದುರಿಗೇ ಕೇಳಿದರೆ? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು, ಹತ್ತಿ ತುರುಕಿದಳು, ಹೀಗೇ ವರ್ಷಗಳನ್ನು ಕಳೆದಳು. ಎರಡನೇ ಕ್ಲಾಸಿನ ಮೇಷ್ಟ್ರು ಶಂಕರನಾರಾಯಣ, ಹುಡುಗಿಗೆ ಎಡಗಡೆ ನಿಂತು ಕರೆದರೆ ಕೇಳಿಸುವುದಿಲ್ಲವೆಂದು ಮನೆಗೇ ಬಂದು ಗದರಿದ ಮೇಲೆ ಮೈಸೂರಿಗೆ ಕರೆದೊಯ್ದರು. "ಎಷ್ಟು ದಿನದಿಂದ ಸೋರ್ತಿದೆ?" ಎಂದು ಡಾಕ್ಟ್ರು ಕೇಳಿದರು. ಮಲ್ಲಾಜಮ್ಮ ನೆಲ ನೋಡುತ್ತ ನಿಂತಳು. ಸೋರುವುದು ಔಷಧಿಗೆ ನಿಂತಿತು. ಕೇಳಿಸುವುದು ವಾಪಸ್ಸು ಬರಲಿಲ್ಲ.

ಈಗ ಇಪ್ಪತ್ತೆರಡು ವರ್ಷದ ನಯನ, ಭಾದ್ರಪದದ ಮಧ್ಯಾಹ್ನ, ಹಿತ್ತಿಲ ಜಗಲಿಯಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಲಗಿವಿ ತೊಡೆಗೆ ಒತ್ತಿತ್ತು, ಕೇಳದ ಎಡಗಿವಿ ಮೇಲಿತ್ತು. ಹೊಳೆಯ ಕಡೆಯಿಂದ ಗಾಳಿ ಬಂದು ನುಗ್ಗೆ ಎಲೆ ಉದುರಿಸಿ ಹೋಗುತ್ತಿತ್ತು. ಮಗಳ ಉಸಿರು ನಿಧಾನವಾಗಿತ್ತು. ಸೀರೆಯ ಒಳಗೆ ಹೊಟ್ಟೆ ಒಂದು ಕಡೆ ಉಬ್ಬಿ, ಹೊರಳಿ, ಸುಮ್ಮನಾಯಿತು. ಮಲ್ಲಾಜಮ್ಮನಿಗೆ ದುಃಖ ಉಕ್ಕಿ ಬಂತು. ಗಂಡನಿಗಾಗಲಿ ದೇವರಿಗಾಗಲಿ ಹೇಳದ್ದನ್ನು ಈ ಕಿವಿಗಾದರೂ ಹೇಳಿಬಿಡಬಹುದು, ಕೇಳಿಸುವುದಿಲ್ಲವಲ್ಲ. ಬಗ್ಗಿ ಎಡಗಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದಳು. ಹೊಳೆ, ಕಾವಲಿ, ಜವರಮ್ಮ, ಸುಳ್ಳು ಒಬ್ಬಟ್ಟು, ಕನಸಿನ ಮೀನು.

"ನನ್ನ ಬಾಯಿ ಚಪಲಕ್ಕೆ ನಿನ್ನ ಕಿವಿ ಹೋಯ್ತು ಕಣವ್ವ," ಎಂದಳು ಕೊನೆಗೆ. "ನೀನೂ ಏನೋ ನುಂಗ್ಕಂಡಿದೀಯ. ನಾಚ್ಕೋಬೇಡ, ಹೇಳು. ಮೀನೇ ಆದ್ರೂ ಆಗ್ಲಿ, ನಾನೇ ಹೋಗಿ ತತ್ತೀನಿ."

ನಯನ ಕಣ್ಣು ತೆರೆಯಲಿಲ್ಲ. "ಆವತ್ತು ತಿಂದ್ಬಿಡ್ಬೇಕಿತ್ತಮ್ಮ ನೀನು," ಎಂದಳು.

ಬಗ್ಗಿದ್ದ ಮಲ್ಲಾಜಮ್ಮ ನೆಟ್ಟಗಾದಳು. "ನಿಂಗೆ ಕೇಳಿಸ್ತಾ?"

"ಬಲಗಿವಿ ನಿನ್ ತೊಡೆ ಮೇಲೈತಲ್ಲ. ನೀನು ಮಾತಾಡಿದ್ದು ಒಳಗಿಂದ ಬಂತು." ತಲೆಯನ್ನು ತೊಡೆಗೆ ಇನ್ನಷ್ಟು ಒತ್ತಿದಳು. "ಹೊಟ್ಟೇಲಿದ್ದಾಗ್ಲೂ ಹಿಂಗೇ ಕೇಳಿರ್ಬೇಕು. ಆಗ್ಲೇ ನಂಗೆ ಮೀನಿನ ವಿಷ್ಯ ಗೊತ್ತಿತ್ತೇನೋ."

ಮಲ್ಲಾಜಮ್ಮ ಅಳುತ್ತಲೇ ನಕ್ಕಳು. ನಯನ ನಗಲಿಲ್ಲ. ಅಮ್ಮನ ಕೈ ಹಿಡಿದು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ಮೀನಿಂದ ಹೋಗ್ಲಿಲ್ಲಮ್ಮ ಕಿವಿ. ಏಳು ವರ್ಷ ಡಾಕ್ಟ್ರ ಹತ್ರ ಹೋಗ್ದೆ ಹೋಯ್ತು. ಅದು ನಿಂಗೂ ಗೊತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಲ್ಲಾಜಮ್ಮನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. "ಬಯಕೆ ಏನು, ಬಯಕೆ ಏನು ಅಂತ ಪ್ರಾಣ ತಿಂತೀಯಲ್ಲ. ಒಂದೈತೆ. ಇದಕ್ಕೆ ಏನಾದ್ರೂ ಆದ್ರೆ ಯಾಕಾಯ್ತು ಅಂತ ಹುಡುಕ್ತಾ ಕೂರ್ಬೇಡ. ಅವತ್ತೇ ಆಸ್ಪತ್ರೆಗೆ ಕರ್ಕೊಂಡೋಗು. ಅಷ್ಟು ಮಾಡ್ಕೊಡು."

ಕೈ ಕೆಳಗೆ ಕೂಸು ಒಮ್ಮೆ ಒದೆಯಿತು. ಮಲ್ಲಾಜಮ್ಮ ಹೂಂ ಎಂದಳು. ಆಮೇಲೆ ಏನು ತಿನ್ನುತ್ತೀಯ ಎಂದು ಅವಳು ಕೇಳಲಿಲ್ಲ. ಸಿದ್ದಮಲ್ಲಪ್ಪನೂ ಮಜ್ಜಿಗೆ ಅನ್ನಕ್ಕೆ ಇಳಿಯಬೇಕಾಯಿತು.

ಕಾರ್ತಿಕ ಮಾಸದಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆಂದು ನಯನ ತವರಲ್ಲೇ ಉಳಿದಳು. ಐದನೇ ತಿಂಗಳಲ್ಲಿ ಒಂದು ಬೆಳಗ್ಗೆ ನಯನ ಸ್ನಾನಕ್ಕೆ ಹೋಗಿದ್ದಾಗ, ತೊಟ್ಟಿಲಿನ ಕೂಸು ಕಿವಿ ಹಿಡಿದು ಅತ್ತಿತು. ಎತ್ತಿಕೊಂಡರೆ, ತಲೆಗಿಟ್ಟ ಬಟ್ಟೆಯ ಮೇಲೆ ಕಾಸಗಲದ ಹಳದಿ ತೇವ. ಮಲ್ಲಾಜಮ್ಮನಿಗೆ ಹೊಳೆ, ಕಾವಲಿ, ಅತ್ತೆಯ ಮುಖ, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಅಡುಗೆಮನೆಯ ಬೆಳ್ಳುಳ್ಳಿ ಬುಟ್ಟಿಯ ಕಡೆ ಕಾಲು ತಾನಾಗಿ ಎರಡು ಹೆಜ್ಜೆ ಇಟ್ಟಿತು. ಅಲ್ಲಿಂದಲೇ ತಿರುಗಿ ಬಚ್ಚಲ ಬಾಗಿಲು ಬಡಿದಳು. "ಬೇಗ ಬಾ. ಆಸ್ಪತ್ರೆಗೆ ಹೋಗ್ಬೇಕು."

ಆಟೋ ಹೊಳೆಯ ಪಕ್ಕದ ರಸ್ತೆಯಲ್ಲಿ ಹೋಗುವಾಗ ಯಾರೋ ಮೀನು ಹುರಿಯುತ್ತಿದ್ದರು. ನಯನ ಒದ್ದೆ ಕೂದಲಲ್ಲೇ ಅಮ್ಮನ ಮುಖ ನೋಡಿದಳು. ಮಲ್ಲಾಜಮ್ಮ ಮೂಗಿಗೆ ಸೆರಗು ಹಿಡಿಯಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು, ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡಳು.

ಎಳೆಯ ವಯಸ್ಸಿನ ಡಾಕ್ಟ್ರಮ್ಮ ಕೂಸಿನ ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತ ಕೇಳಿದಳು. "ಎಷ್ಟು ದಿನದಿಂದ ಸೋರ್ತಿದೆ?"

ಮಲ್ಲಾಜಮ್ಮ ತಲೆಯೆತ್ತಿದಳು. "ದಿನ ಆಗಿಲ್ಲ ಡಾಕ್ಟ್ರಮ್ಮ," ಎಂದಳು. "ಇವತ್ತು ಬೆಳಗ್ಗೆ ಎಂಟು ಗಂಟೆಯಿಂದ."